ಟಾಕ್ ಪ್ರಪೋಸಲ್ ಒಂದ್ಸಲ ರಿಜೆಕ್ಟ್ ಆಗಿದೆ, ಈ ಸಲ ಬ್ರಸೆಲ್ಸ್‌ನ ಓಪನ್ ಸೋರ್ಸ್ ಕಾನ್ಫರೆನ್ಸ್ ಫಾಸ್‌ಡೆಮ್‌ಗೆ ಹಾಕೋಣ ಅಂತಿದೀನಿ, ಒಮ್ಮೆ ನೋಡಿ ಹೇಳ್ತೀರಾ?

ಅರೆಬೆಂದ_ಪ್ಯಾಚ್:

ನಮಸ್ಕಾರ ಎಲ್ರಿಗೂ. ಒಂದು ಚಿಕ್ಕ ಸಿ ಲೈಬ್ರರಿ ನೋಡ್ಕೋತೀನಿ, ನಾನು ಮತ್ತೆ ಇನ್ನೊಬ್ರು, ಇರೋದೇ ಇಬ್ರು. 14 ವರ್ಷ ಹಳೇ ಕೋಡು, ಬಿಲ್ಡ್ (ಕೋಡಿನಿಂದ ಪ್ರೋಗ್ರಾಮ್ ಕಟ್ಟೋ ಕೆಲ್ಸ) ಎಲ್ಲಾ ಆಟೋಟೂಲ್ಸ್ ಅನ್ನೋ ಹಳೇ ಟೂಲ್‌ಗಳಲ್ಲಿತ್ತು, ಹೋದ ವರ್ಷ ಕೂತು ಪೂರ್ತಿ ಮೆಸಾನ್ ಅನ್ನೋ ಹೊಸ ಟೂಲ್‌ಗೆ ಬದಲಾಯಿಸಿದ್ವಿ. ಅದರ ಬಗ್ಗೆ ಮಾತಾಡ್ತೀನಿ ಅಂತ ಒಂದು ಕಾನ್ಫರೆನ್ಸಿಗೆ ಕಳ್ಸಿದ್ದೆ, ಒಂದೇ ಸಾಲಿನ ಮೇಲ್ ಬಂತು, ಆಯ್ಕೆ ಆಗಿಲ್ಲ ಅಂತ, ಯಾಕೆ ಏನು ಅಂತ ಏನೂ ಇಲ್ಲ. ಈಗ ಫಾಸ್‌ಡೆಮ್‌ಗೆ ಹಾಕ್ಬೇಕು ಅಂತ ಆಸೆ. ಅಬ್‌ಸ್ಟ್ರಾಕ್ಟ್ ಇಂಗ್ಲಿಷಲ್ಲಿದೆ, ಕನ್ನಡದಲ್ಲಿ ಹೇಳೋದಾದ್ರೆ ಹೀಗೆ:

"ಈ ಭಾಷಣದಲ್ಲಿ ನಮ್ಮ ಲೈಬ್ರರಿಯ ಪರಿಚಯ, ಅದರ ಇತಿಹಾಸ, ಆಟೋಟೂಲ್ಸ್ ಮತ್ತು ಮೆಸಾನ್ ನಡುವಿನ ವ್ಯತ್ಯಾಸಗಳು, ಮೆಸಾನ್‌ನ ಅನುಕೂಲಗಳು ಹಾಗೂ ನಮ್ಮ ಮುಂದಿನ ಯೋಜನೆಗಳ ಬಗ್ಗೆ ತಿಳಿಸಲಾಗುವುದು."

ಮೇನ್ ಟ್ರ್ಯಾಕ್‌ಗೆ ಹಾಕ್ಲಾ ಡೆವ್‌ರೂಮ್‌ಗೆ (ಒಂದೊಂದು ವಿಷಯಕ್ಕೂ ಬೇರೆ ಬೇರೆ ಇರೋ ರೂಮ್) ಹಾಕ್ಲಾ ಗೊತ್ತಾಗ್ತಿಲ್ಲ. ಇನ್ನೊಂದು, ಸ್ಟೇಜ್ ಮೇಲೆ ಇಂಗ್ಲಿಷಲ್ಲಿ ಮಾತಾಡಿ ಅಭ್ಯಾಸ ಇಲ್ಲ, ಪ್ರಶ್ನೆ ಕೇಳಿದ್ರೆ ತಡವರಿಸ್ತೀನೇನೋ ಅಂತ ಭಯ.

ರಾತ್ರಿ_ರಿವ್ಯೂ:

ಎರಡು ವರ್ಷ ಒಂದು ಡೆವ್‌ರೂಮ್‌ನ ಸೆಲೆಕ್ಷನ್‌ನಲ್ಲಿದ್ದೆ, ಅದಕ್ಕೆ ನೇರವಾಗಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. "ತಿಳಿಸಲಾಗುವುದು" ಅಂತ ಓದಿದ ತಕ್ಷಣ ನಂಗೆ ನೋಟೀಸ್ ಬೋರ್ಡ್ ನೆನಪಾಯ್ತು. ನೀವು ಬರೆದಿದ್ದರಲ್ಲಿ ತಪ್ಪು ಅಂತ ಏನಿಲ್ಲ, ಆದ್ರೆ ಲೈಬ್ರರಿ ಹೆಸರು ತೆಗೆದು ಬೇರೆ ಯಾವುದನ್ನ ಹಾಕಿದ್ರೂ ಸರಿಹೋಗತ್ತೆ, ಅದೇ ತೊಂದ್ರೆ. ನಾವೆಲ್ಲಾ ವಾಲಂಟಿಯರ್‌ಗಳು, ಕೆಲ್ಸ ಮುಗ್ಸಿ ರಾತ್ರಿ ಹತ್ತಕ್ಕೆ ಕೂತು ಪ್ರಪೋಸಲ್ ಓದ್ತೀವಿ, ಟೈಟಲ್ಲು, ಮೊದಲ ಎರಡು ಸಾಲು, ಅಷ್ಟರಲ್ಲಿ ಕೈ ಹಿಡೀಬೇಕು. ಮೆಸಾನ್‌ನ ಅನುಕೂಲ ಡಾಕ್ಯುಮೆಂಟೇಷನ್‌ನಲ್ಲೇ ಇದೆ, ಅದನ್ನ ಕೇಳಕ್ಕೆ ಯಾರೂ ಬ್ರಸೆಲ್ಸ್‌ಗೆ ಬರಲ್ಲ. 2017ರಲ್ಲೇ ಸಿಸ್ಟಮ್‌ಡಿ ಥರದ ದೊಡ್ಡ ಲಿನಕ್ಸ್ ಪ್ರಾಜೆಕ್ಟೇ ಆಟೋಟೂಲ್ಸ್ ಬಿಟ್ಟು ಮೆಸಾನ್‌ಗೆ ಹೋಯ್ತು, ಅಂದ್ರೆ ಸುದ್ದಿಯಾಗಿ ಅದು ಹಳೇದು.

ಮೇನ್ ಟ್ರ್ಯಾಕ್ ಬೇಡ. ಡೆವ್‌ರೂಮ್‌ಗೆ ಹಾಕಿ. ಒಂದೊಂದು ಡೆವ್‌ರೂಮ್‌ಗೂ ಪ್ರಪೋಸಲ್ ಕಳ್ಸಿ ಅನ್ನೋ ಅದರದ್ದೇ ಆದ ಕರೆ, ಅದರದ್ದೇ ಕೊನೇ ದಿನಾಂಕ, ಅದನ್ನ ನಡೆಸೋ ಜನಾನೂ ಬೇರೆ. ಯಾವ ಡೆವ್‌ರೂಮ್ ಇರತ್ತೆ ಅನ್ನೋದು ವರ್ಷಾ ವರ್ಷಾ ಬದಲಾಗತ್ತೆ, ಡಿಸ್ಟ್ರಿಬ್ಯೂಷನ್ಸ್ (ಡೆಬಿಯನ್ ಥರದ ಲಿನಕ್ಸ್ ಡಿಸ್ಟ್ರೋಗಳ) ರೂಮ್ ಇದ್ರೆ ಅದೇ ನಿಮ್ದು. ಮತ್ತೆ ಪ್ರೆಟಾಲ್ಕ್ಸ್‌ನಲ್ಲಿ (ಪ್ರಪೋಸಲ್ ಕಳ್ಸೋ ವೆಬ್‌ಸೈಟ್) ತುಂಬುವಾಗ ಟ್ರ್ಯಾಕ್ ಅನ್ನೋ ಕಡೆ ಸರಿಯಾದ ರೂಮ್ ಆರಿಸಿ, ತಪ್ಪು ಆರಿಸಿದ್ರೆ ನಿಮ್ಮ ಪ್ರಪೋಸಲ್ ನೋಡ್ಬೇಕಾದವ್ರ ಕಣ್ಣಿಗೇ ಬೀಳಲ್ಲ.

ಈಗ ಒಂದು ಪ್ರಶ್ನೆ. ಮೆಸಾನ್‌ಗೆ ಹೋಗುವಾಗ ಏನು ಮುರೀತು? ಏನೋ ಒಂದು ಮುರಿದೇ ಇರತ್ತೆ.

ಅರೆಬೆಂದ_ಪ್ಯಾಚ್:

ಅಯ್ಯೋ ಅದಾ. ಹೇಳಕ್ಕೇ ನಾಚಿಕೆ ಆಗತ್ತೆ. ಹಳೇ ಮೇಕ್‌ಫೈಲ್‌ನಲ್ಲಿ (ಬಿಲ್ಡ್ ಸೂಚನೆ ಇರೋ ಫೈಲ್), ಆಟೋಟೂಲ್ಸ್‌ನಲ್ಲಿ ಲೈಬ್ರರಿ ಕಟ್ಟೋ ಲಿಬ್‌ಟೂಲ್‌ಗೆ ವರ್ಶನ್-ಇನ್ಫೋ 7:2:1 ಅಂತ ಕೊಟ್ಟಿತ್ತು. ನಾನು ಮೆಸಾನ್ ಫೈಲ್ ಬರೆಯುವಾಗ ಅದನ್ನೇ ನೋಡ್ಕೊಂಡು ವರ್ಶನ್ 7.2.1 ಅಂತ ಹಾಕ್ಬಿಟ್ಟೆ, ಕೋಲನ್ ತೆಗೆದು ಚುಕ್ಕಿ ಇಟ್ಟಿದ್ದು ಅಷ್ಟೇ. ಲಿಬ್‌ಟೂಲ್ ಲೆಕ್ಕ ಬೇರೆ, ಲಿನಕ್ಸ್‌ನಲ್ಲಿ ಮೊದಲ ನಂಬರಿಂದ ಮೂರನೇದನ್ನ ಕಳೆದು ಸೋನೇಮ್ (ಬೇರೆ ಪ್ರೋಗ್ರಾಮ್‌ಗಳು ಲೈಬ್ರರಿನ ಹುಡುಕೋ ಹೆಸರು) ಮಾಡತ್ತೆ, 7ರಲ್ಲಿ 1 ಹೋದ್ರೆ 6. ಮೆಸಾನ್‌ಗೆ ಸೋವರ್ಶನ್ (ಆ ಹೆಸರಿನ ಕೊನೇ ನಂಬರ್) ಬೇರೆ ಕೊಡದಿದ್ರೆ ಮೊದಲ ನಂಬರನ್ನೇ ತಗೊಳತ್ತೆ, 7. ಎಬಿಐ (ಮೊದಲೇ ಬಿಲ್ಡ್ ಆದ ಪ್ರೋಗ್ರಾಮ್‌ಗಳು ಲೈಬ್ರರಿ ಜೊತೆ ಹೊಂದೋ ರೀತಿ) ಒಂದಿಷ್ಟೂ ಬದಲಾಗಿಲ್ಲ, ಆದ್ರೆ ಲೈಬ್ರರಿ ಹೆಸರಿನ ಕೊನೇಲಿದ್ದ 6 ಹೋಗಿ 7 ಬಂತು, 6 ಹುಡುಕೋ ಹಳೇ ಪ್ರೋಗ್ರಾಮ್‌ಗಳಿಗೆ ಅದು ಸಿಗಲ್ಲ. ನಮ್ಮ ಮಷೀನ್‌ನಲ್ಲಿ ಟೆಸ್ಟ್ ಎಲ್ಲಾ ಪಾಸು, ಯಾಕಂದ್ರೆ ಎಲ್ಲಾ ಒಟ್ಟಿಗೇ ಹೊಸದಾಗಿ ಬಿಲ್ಡ್ ಆಗ್ತಿತ್ತು. ರಿಲೀಸ್ ಮಾಡಿ ಎರಡು ದಿನಕ್ಕೆ ಒಬ್ರು ಪ್ಯಾಕೇಜರ್ (ಡಿಸ್ಟ್ರೋಗೆ ಪ್ಯಾಕೇಜ್ ಮಾಡ್ಕೊಡೋರು) ಬಗ್ ರಿಪೋರ್ಟ್ ಹಾಕಿದ್ರು, "ಯಾಕೆ 7?" ಅಂತ, ಅಷ್ಟೇ ಬರೆದಿದ್ರು.

ಪೊಟ್ಟಣಗಾರ:

ಅಲ್ಲಾ ಸ್ವಾಮಿ, ಇದನ್ನ ಬಿಟ್ಟು ಇತಿಹಾಸ ಪರಿಚಯ ಅಂತ ಬರೆದಿದೀರಲ್ಲ! ನಾನು ಡೆಬಿಯನ್‌ನಲ್ಲಿ ಒಂದಷ್ಟು ಪ್ಯಾಕೇಜ್ ನೋಡ್ಕೋತೀನಿ, ಈ 6 ಹೋಗಿ 7 ಬಂದ್ರೆ ನಮ್ ಕಡೆ ಏನಾಗತ್ತೆ ಅಂದ್ರೆ, ಪ್ಯಾಕೇಜ್ ಹೆಸರಲ್ಲೇ ಆ ನಂಬರ್ ಇರೋದ್ರಿಂದ ಹೊಸ ಹೆಸರಿನ ಪ್ಯಾಕೇಜ್ ಆಗತ್ತೆ, ಅದು ನ್ಯೂ ಕ್ಯೂನಲ್ಲಿ (ಹೊಸ ಪ್ಯಾಕೇಜ್‌ಗಳ ಪರಿಶೀಲನೆಯ ಸಾಲು) ಕಾಯ್ಬೇಕು, ಆಮೇಲೆ ಅದನ್ನ ಬಳಸೋ ಪ್ರತಿಯೊಂದು ಪ್ರೋಗ್ರಾಮೂ ಮತ್ತೆ ಬಿಲ್ಡ್ ಆಗ್ಬೇಕು, ಟ್ರಾನ್ಸಿಷನ್ ಅಂತೀವಿ ಇದಕ್ಕೆ. ಒಂದು ಚುಕ್ಕಿಗೋಸ್ಕರ ಇಷ್ಟೆಲ್ಲಾ. ಇಂಥದ್ದನ್ನ ಮಾಡ್ದೋರು ತುಂಬಾ ಜನ ಇದಾರೆ, ಬಾಯಿಬಿಟ್ಟು ಹೇಳೋರು ಕಮ್ಮಿ.

ಇನ್ನೊಂದು ಐಡಿಯಾ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಟೂಲ್‌ನಲ್ಲಿ ಕದ್ದು ಸೇರಿಸಿದ್ದ ಬ್ಯಾಕ್‌ಡೋರ್ ಸಿಕ್ತಲ್ಲ, ವರ್ಶನ್ 5.6.0 ಮತ್ತು 5.6.1ರಲ್ಲಿ, ಅದನ್ನ ಚಾಲೂ ಮಾಡೋ ಎಂ4 ಫೈಲ್ (ಆಟೋಟೂಲ್ಸ್‌ನ ಬಿಲ್ಡ್ ಸ್ಕ್ರಿಪ್ಟ್) ಎಲ್ರೂ ನೋಡೋ ಗಿಟ್ ಕೋಡ್‌ನಲ್ಲಿ ಇರ್ಲೇ ಇಲ್ಲ, ರಿಲೀಸ್ ಟಾರ್‌ಬಾಲ್‌ನಲ್ಲಿ (ಡೌನ್‌ಲೋಡ್‌ಗೆ ಕಟ್ಟಿ ಕೊಡೋ ಫೈಲ್) ಮಾತ್ರ ಇತ್ತು. ಆಟೋಟೂಲ್ಸ್ ಟಾರ್‌ಬಾಲ್‌ನಲ್ಲಿ ಜನರೇಟ್ ಆದ ಫೈಲ್ ರಾಶಿ ಇರೋದ್ರಿಂದ ಯಾರೂ ಹೋಲಿಸಿ ನೋಡಲ್ಲ. ಮೆಸಾನ್‌ನ ಡಿಸ್ಟ್ ಕಮಾಂಡ್ ಗಿಟ್‌ನಲ್ಲಿ ಕಮಿಟ್ ಆಗಿರೋದನ್ನೇ ಕಟ್ಟಿ ಕೊಡತ್ತೆ. ಅದನ್ನೂ ಸೇರಿಸಿ, ಜನ ಬರ್ತಾರೆ.

ಮೂರನೇ_ಸಾಲು:

ಎಕ್ಸ್‌ಝಡ್ ವಿಷಯ ಟೈಟಲ್‌ನಲ್ಲಿ ಮಾತ್ರ ಬೇಡಪ್ಪಾ. ಅದನ್ನ ಹಿಡ್ಕೊಂಡು ಬಂದಿರೋ ಪ್ರಪೋಸಲ್ ಬೇಕಾದಷ್ಟು ಇರ್ತವೆ, ಜೊತೆಗೆ ಇವ್ರ ಕಥೆಗೂ ಅದಕ್ಕೂ ನೇರ ಸಂಬಂಧ ಇಲ್ಲ, ಎಳೆದು ಕಟ್ಟಿದ ಹಾಗಾಗತ್ತೆ. ಒಂದು ಸ್ಲೈಡ್ ಸಾಕು, ಅದೂ ಟೈಮ್ ಇದ್ರೆ. 25 ನಿಮಿಷದ ಸ್ಲಾಟ್ ಅಂದ್ರೆ ಪ್ರಶ್ನೆಗಳೂ ಅದರೊಳಗೇ ಸೇರಿರಬಹುದು, ಕರೆಯಲ್ಲಿ ಏನಂತ ಬರ್ದಿದಾರೆ ನೋಡ್ಕೊಳಿ, ನಿಮ್ಮ ಕೈಗೆ ಸಿಗೋದು 20 ಅಂದ್ಕೊಳಿ, ಅಷ್ಟೊತ್ತಿಗೆ ಮುಂದಿನವ್ರು ಲ್ಯಾಪ್‌ಟಾಪ್ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತಾರೆ.

ಇಂಗ್ಲಿಷ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅಲ್ಲಿಗೆ ಬರೋರಲ್ಲಿ ಇಂಗ್ಲಿಷ್ ಮನೆಮಾತಲ್ಲದವ್ರೇ ಎಷ್ಟೋ ಜನ. ನಾನು ಮೊದಲ್ನೇ ಸಲ ಮಾತಾಡ್ದಾಗ ಪ್ರಶ್ನೆ ಅರ್ಥ ಆಗ್ದೆ ಸುಮ್ನೆ ನಗ್ತಾ ನಿಂತ್ಬಿಟ್ಟಿದ್ದೆ. ಆಮೇಲೆ ಒಬ್ರು ಹೇಳ್ಕೊಟ್ರು, ಕೇಳಿದ್ ಪ್ರಶ್ನೇನ ಮೈಕ್‌ನಲ್ಲಿ ನೀನೇ ಇನ್ನೊಂದ್ಸಲ ಹೇಳು ಅಂತ. ರೆಕಾರ್ಡಿಂಗ್‌ನಲ್ಲಿ ಪ್ರಶ್ನೆ ಕೇಳ್ಸತ್ತೆ, ನಿಮಗೆ ಯೋಚ್ನೆ ಮಾಡಕ್ಕೆ ಹತ್ತು ಸೆಕೆಂಡ್ ಸಿಗತ್ತೆ, ತಪ್ಪು ಅರ್ಥ ಮಾಡ್ಕೊಂಡಿದ್ರೆ ಕೇಳ್ದವ್ರೇ ತಿದ್ದುತಾರೆ.

ಅರೆಬೆಂದ_ಪ್ಯಾಚ್:

ಎಲ್ರಿಗೂ ಥ್ಯಾಂಕ್ಸ್, ರಾತ್ರಿ ಕೂತು ತಿರುಗಾ ಬರೆದೆ. ಟೈಟಲ್ "ಯಾಕೆ 7?" ಅಂತಾನೇ ಇಟ್ಟೆ, ಆ ಪ್ಯಾಕೇಜರ್‌ನ ಕೇಳ್ಕೊಂಡು. ಅಬ್‌ಸ್ಟ್ರಾಕ್ಟ್:

"ಆಟೋಟೂಲ್ಸ್‌ನಿಂದ ಮೆಸಾನ್‌ಗೆ ಹೋಗುವಾಗ ಮೂರು ಅಂಕಿಗಳನ್ನ ಹಾಗೇ ನಕಲು ಮಾಡಿದೆ. ನಮ್ಮ ಟೆಸ್ಟ್‌ಗಳೆಲ್ಲ ಪಾಸಾದವು, ಡಿಸ್ಟ್ರೋಗಳಲ್ಲಿ ನಮ್ಮ ಲೈಬ್ರರಿ ಮುರಿಯಿತು. ಲಿಬ್‌ಟೂಲ್ ಮತ್ತು ಮೆಸಾನ್ ಅದೇ ಅಂಕಿಗಳನ್ನ ಹೇಗೆ ಬೇರೆ ಬೇರೆಯಾಗಿ ಓದುತ್ತವೆ, ರಿಲೀಸ್‌ಗೆ ಮುಂಚೆ ಇದನ್ನ ಹಿಡಿಯೋ ಒಂದು ಸಣ್ಣ ಚೆಕ್ ಹೇಗೆ ಬರೆಯೋದು ಅಂತ ತೋರಿಸ್ತೀನಿ. ಸಿ ಲೈಬ್ರರಿ ರಿಲೀಸ್ ಮಾಡೋರಿಗೆ."

ಲೈಬ್ರರಿ ಪರಿಚಯ ಪೂರ್ತಿ ತೆಗೆದೆ, ಕೈ ನಡುಗ್ತು.

ರಾತ್ರಿ_ರಿವ್ಯೂ:

ಇದನ್ನ ನಾನಾಗಿದ್ರೆ ತಗೋತಿದ್ದೆ. "ಸಿ ಲೈಬ್ರರಿ ರಿಲೀಸ್ ಮಾಡೋರಿಗೆ" ಅಂತ ಕೊನೇಲಿ ಹಾಕಿದೀರಲ್ಲ, ಅದು ಒಳ್ಳೇದಾಯ್ತು, ಯಾರಿಗೆ ಅಂತ ನಾವು ಊಹೆ ಮಾಡ್ಬೇಕಾಗಿಲ್ಲ. ಆ ಚೆಕ್ ಬರೆದಿದ್ರೆ ಅದರ ಲಿಂಕನ್ನ ನೋಟ್ಸ್‌ನಲ್ಲಿ ಹಾಕಿ, ಸುಮ್ನೆ ಹೇಳ್ತಿಲ್ಲ ಅಂತ ಗೊತ್ತಾಗತ್ತೆ.

ಅರೆಬೆಂದ_ಪ್ಯಾಚ್:

ಹಾಕ್ದೆ. ಬಯೋ ಮಾತ್ರ ಇನ್ನೂ ಖಾಲಿ ಇದೆ, ಏನ್ ಬರೀಬೇಕೋ ಗೊತ್ತಾಗ್ತಿಲ್ಲ.

ಪೊಟ್ಟಣಗಾರ:

"7.2.1 ಬರೆದವ್ರು ಇವ್ರೇ" ಅಂತ ಹಾಕಿ.