‘ಬಿಪಿಎ ಇಲ್ಲ’ ಎಂದರೆ ಅದರ ಜಾಗದಲ್ಲಿ ಏನಿದೆ?

ಚಿಕ್ಕಪ್ಪ (ಫಾರ್ವರ್ಡ್ ಆಗಿ ಬಂದದ್ದು): ಸಿಹಿಸುದ್ದಿ! ಪಾನೀಯದ ಕ್ಯಾನ್‌ಗಳಿಗೆ ಹೊಸ ಒಳಲೇಪನ. ಹಳೆಯ ಲೇಪನದಲ್ಲಿದ್ದ ಬಿಪಿಎ ಎಂಬ ರಾಸಾಯನಿಕ ಇಲ್ಲ, ಕಾಯಿಸಲು ಓವನ್ ಬೇಕಿಲ್ಲ. ನೇರಳಾತೀತ ಬೆಳಕು ಬಿದ್ದ ಕ್ಷಣದಲ್ಲೇ ಗಟ್ಟಿ. ಇನ್ನು ವಿಷದ ಭಯವಿಲ್ಲ. ಎಲ್ಲರಿಗೂ ತಲುಪಿಸಿ.

ಚಿಕ್ಕಪ್ಪ: ಇಷ್ಟು ಸುಲಭದ ದಾರಿ ಇದ್ದರೂ ಕಾರ್ಖಾನೆಗಳು ಹಳೆಯದನ್ನೇ ಹಿಡಿದು ಕೂತಿವೆ. ದುರಾಸೆಯಲ್ಲದೆ ಮತ್ತೇನು?

ನಾನು: ಚಿಕ್ಕಪ್ಪ, ದಿನವಿಡೀ ಈ ಲೇಪನಗಳನ್ನೇ ಪರೀಕ್ಷಿಸುವವಳು ನಾನು, ಸುಮ್ಮನಿರಲು ಆಗುತ್ತಿಲ್ಲ. ಓವನ್ ತಪ್ಪಿಸುವ ಗುರಿ ಒಳ್ಳೆಯದೇ. ‘ಇನ್ನು ಭಯವಿಲ್ಲ’ ಎಂಬ ಮಾತು ಮಾತ್ರ ತಪ್ಪು.

ಅಕ್ಕ: ನನಗೆ ಮೊದಲು ಇದನ್ನು ಹೇಳು. ಲೋಹದ ಡಬ್ಬಿಗೆ ಲೇಪನವೇ ಏಕೆ? ಬಳಿಯದಿದ್ದರೆ ಈ ತಂಟೆಯೇ ಇರುವುದಿಲ್ಲವಲ್ಲ.

ನಾನು: ಹುಳಿ ಮತ್ತು ಉಪ್ಪು ಲೋಹವನ್ನು ತಿನ್ನುತ್ತವೆ ಅಕ್ಕ. ರುಚಿ ಕೆಡುತ್ತದೆ, ಡಬ್ಬಿ ಉಬ್ಬುತ್ತದೆ, ಕೊನೆಗೆ ತೂತು ಬೀಳುತ್ತದೆ. 1935ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಬಿಯರ್ ಕ್ಯಾನ್ ಮಾರಾಟಕ್ಕೆ ಬಂದದ್ದು ಒಳಲೇಪನ ಸಿದ್ಧವಾದ ಮೇಲೆಯೇ. ಕೆಲವೇ ಮೈಕ್ರಾನ್ ದಪ್ಪದ ಪದರ, ಕೂದಲಿಗಿಂತ ಎಷ್ಟೋ ತೆಳು. ಅದು ಬಗ್ಗಬೇಕು, ಬಿರಿಯಬಾರದು. ಡಬ್ಬಿಯೊಳಗಿನ ಆಹಾರವನ್ನು 121 ಡಿಗ್ರಿಯಲ್ಲಿ ಬೇಯಿಸಿದರೂ ಲೋಹವನ್ನು ಬಿಡಬಾರದು. ಬಿಪಿಎಯಿಂದ ಮಾಡಿದ ಎಪಾಕ್ಸಿ ಎಂಬ ರಾಳ ಇದನ್ನೆಲ್ಲ ಸಲೀಸಾಗಿ ಮಾಡಿಕೊಂಡು ಬಂದಿತ್ತು. ಅದಕ್ಕೇ ಅದನ್ನು ಕಿತ್ತುಹಾಕುವುದು ಇಷ್ಟು ಕಷ್ಟ.

ಚಿಕ್ಕಪ್ಪ: ಕಷ್ಟವೆಂದು ಜನರಿಗೆ ಅದನ್ನೇ ಕುಡಿಸುತ್ತಾ ಇರಬೇಕೇ?

ನಾನು: ಖಂಡಿತ ಬೇಡ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಬಿಪಿಎಯ ದಿನದ ಮಿತಿಯನ್ನು ದೇಹತೂಕದ ಪ್ರತಿ ಕಿಲೋಗೆ 0.2 ನ್ಯಾನೋಗ್ರಾಂಗೆ ಇಳಿಸಿತು. ಹಿಂದಿನ ಮಿತಿಯ 20,000ದಲ್ಲಿ ಒಂದು ಪಾಲು! ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಆ ಲೆಕ್ಕವನ್ನು ಒಪ್ಪದೆ ಸಾವಿರ ಪಟ್ಟು ಹೆಚ್ಚಿನ ಮಿತಿಯನ್ನು ಸೂಚಿಸಿತು. ಅದೂ ಹಳೆಯ ಮಿತಿಗಿಂತ ಬಹಳ ಕೆಳಗೇ ಇದೆ. 2024ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟ ಆಹಾರ ತಾಗುವ ವಸ್ತುಗಳಲ್ಲಿ ಬಿಪಿಎ ನಿಷೇಧಿಸಿತು. ಅದು ಸರಿಯೆಂದೇ ನನ್ನ ನಿಲುವು.

ಅಕ್ಕ: ಹಾಗಾದರೆ ‘ಬಿಪಿಎ ಮುಕ್ತ’ ಎಂದು ಬರೆದದ್ದನ್ನು ನೋಡಿ ಕೊಂಡರೆ ಸಾಕಲ್ಲ?

ನಾನು: ಆ ಚೀಟಿ ಏನಿಲ್ಲ ಎಂದು ಹೇಳುತ್ತದೆ, ಏನಿದೆ ಎಂದು ಹೇಳುವುದಿಲ್ಲ. ಅಂಗಡಿಯ ರಸೀದಿ ಕಾಗದದಲ್ಲಿ ಬಿಪಿಎ ತೆಗೆದು ಎಷ್ಟೋ ಕಡೆ ಅದನ್ನೇ ಹೋಲುವ ಬಿಪಿಎಸ್ ಎಂಬ ರಾಸಾಯನಿಕ ಹಾಕಿದರು. ಅಣ್ಣ ಹೋಗಿ ತಮ್ಮ ಬಂದ ಹಾಗೆ. ಅದೂ ಹಾರ್ಮೋನಿನಂತೆ ವರ್ತಿಸುತ್ತದೆ ಎಂದು ಆಮೇಲೆ ತಿಳಿಯಿತು.

ಭಾವ: ನಾನು ಓವನ್ ನೋಡಿಕೊಳ್ಳುವವನು, ನನ್ನ ಕಡೆಯಿಂದಲೂ ಒಂದು ಮಾತು. ಸಿಂಪಡಿಸಿದ ಲೇಪನವನ್ನು ಸುಮಾರು 200 ಡಿಗ್ರಿಯಲ್ಲಿ ಕಾಯಿಸುತ್ತೇವೆ. ದ್ರಾವಕದ ಆವಿಯನ್ನು ಹಾಗೆಯೇ ಗಾಳಿಗೆ ಬಿಡುವಂತಿಲ್ಲ, ಅದನ್ನು ಸುಡಲು 700 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಒಂದು ಚಿಟಿಕೆ ಲೇಪನಕ್ಕಾಗಿ ಇಷ್ಟು ಅನಿಲ ಉರಿಯುವುದನ್ನು ಕಂಡಾಗ ಸಂಕಟವಾಗುತ್ತದೆ. ಚಿಕ್ಕಮಾವ ಕಳುಹಿಸಿದ ಸುದ್ದಿ ನಿಜವಾದರೆ ನಾನಂತೂ ಸಂತೋಷಪಡುತ್ತೇನೆ. ಕಡೇ ಪಕ್ಷ ಓವನ್‌ನ ಬಿಸಿಯನ್ನಾದರೂ ಹತ್ತಿಪ್ಪತ್ತು ಡಿಗ್ರಿ ಇಳಿಸಬಾರದೇ?

ನಾನು: ಅದೇ ಲೇಪನ ಇಟ್ಟುಕೊಂಡು ಬಿಸಿ ಮಾತ್ರ ಇಳಿಸುವುದು ಬೇಡವೇ ಬೇಡ, ಭಾವ. ಬಿಸಿಯಿಂದಲೇ ಸಣ್ಣ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಅರೆಬೆಂದರೆ ಹೆಣೆಯದೆ ಉಳಿದ ಅಣುಗಳು ಆಹಾರಕ್ಕೆ ಇಳಿಯುತ್ತವೆ. ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡಿದಾಗ ಅರೆಬೆಂದ ಲೇಪನ ಹೇಗೆ ಎದ್ದು ಬರುತ್ತದೆ ಎಂಬುದನ್ನು ನೀವೇ ಕಂಡಿದ್ದೀರಿ. ಕಡಿಮೆ ಬಿಸಿಯಲ್ಲೂ ಪೂರ್ತಿ ಹೆಣೆದುಕೊಳ್ಳುವ ರಾಳವನ್ನೇ ಹೊಸದಾಗಿ ಕಟ್ಟಬೇಕು. ಅದಕ್ಕೆ ಹಾಕುವ ವೇಗವರ್ಧಕವೂ ಆಹಾರಕ್ಕೆ ಸೇರಬಾರದು. ನಮ್ಮ ಹೋರಾಟವೆಲ್ಲ ಅಲ್ಲಿಯೇ.

ಚಿಕ್ಕಪ್ಪ: ಬೆಳಕಿನಿಂದ ಗಟ್ಟಿಯಾದರೆ ಆ ಪ್ರಶ್ನೆಯೇ ಬರುವುದಿಲ್ಲವಲ್ಲಮ್ಮ!

ನಾನು: ಬರುತ್ತದೆ ಚಿಕ್ಕಪ್ಪ. ಬೆಳಕಿಗೆ ಓಗೊಟ್ಟು ಕ್ರಿಯೆ ಶುರು ಮಾಡಲು ಒಂದು ರಾಸಾಯನಿಕ ಬೇಕು, ಅದರಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. 2005ರಲ್ಲಿ ಇಟಲಿಯಲ್ಲಿ ಮಕ್ಕಳ ಹಾಲಿನಲ್ಲಿ ಐಟಿಎಕ್ಸ್ ಎಂಬ ಅಂಥದ್ದೇ ವಸ್ತು ಸಿಕ್ಕಿತ್ತು. ಅದು ಇದ್ದದ್ದು ಪೊಟ್ಟಣದ ಹೊರಗಿನ ಶಾಯಿಯಲ್ಲಿ! ಮುದ್ರಿಸಿದ ಹಾಳೆಯನ್ನು ಸುರುಳಿ ಸುತ್ತಿದಾಗ ಹೊರಮೈ ಒಳಮೈಗೆ ತಾಗಿ ದಾಟಿಕೊಂಡಿತ್ತು. ಸಿಕ್ಕಷ್ಟು ಪ್ರಮಾಣದಿಂದ ಅಪಾಯದ ಸಂಭವ ಕಡಿಮೆ ಎಂದು ಪರಿಣತರು ಹೇಳಿದರು, ಆದರೂ ಹಾಲನ್ನು ವಾಪಸ್ ಪಡೆಯಬೇಕಾಯಿತು.

ಅಕ್ಕ: ಮಕ್ಕಳ ಹಾಲಿನಲ್ಲಿಯೇ? ಓದಿ ಎದೆ ಝಲ್ಲೆಂದಿತು.

ಭಾವ: ಬೆಳಕಿನ ಬದಲು ಎಲೆಕ್ಟ್ರಾನ್ ಕಿರಣದಿಂದ ಗಟ್ಟಿ ಮಾಡಿದರೆ ಆ ರಾಸಾಯನಿಕ ಬೇಡವಲ್ಲ?

ನಾನು: ಬೇಡ. ಅದರ ಮೇಲೆ ನನಗೂ ಆಸೆ ಇದೆ. ಆದರೆ ಸಾಮಾನ್ಯವಾಗಿ ಆಮ್ಲಜನಕವನ್ನು ದೂರವಿಡಲು ನೈಟ್ರೋಜನ್ ತುಂಬಿಸಬೇಕು. ಆಳವಾದ ಕ್ಯಾನ್‌ನ ಒಳಮೂಲೆಗೆಲ್ಲ ಕಿರಣ ಸಮನಾಗಿ ಬೀಳುವುದಿಲ್ಲ. ಚಪ್ಪಟೆ ತಗಡಿಗೇ ಮೊದಲು ಬಳಿದು ಆಮೇಲೆ ಆಕಾರ ಕೊಡೋಣವೆಂದರೆ ಲೇಪನ ಲೋಹದ ಜೊತೆಗೇ ಹಿಗ್ಗಬೇಕು. ಮುಚ್ಚಳಗಳಿಗೆ ಮೊದಲು ಸಾಧ್ಯವಾದೀತು.

ಚಿಕ್ಕಪ್ಪ: ನೀನು ಎಲ್ಲದಕ್ಕೂ ಒಂದು ಕೊಕ್ಕೆ ಹಾಕುತ್ತೀಯ. ಹೀಗಾದರೆ ಹೊಸದು ಬರುವುದೇ ಇಲ್ಲ.

ನಾನು: ಕೊಕ್ಕೆಯಲ್ಲ ಚಿಕ್ಕಪ್ಪ. ಮಾರುಕಟ್ಟೆಗೆ ಬಂದ ಮೇಲೆ ತಪ್ಪು ಗೊತ್ತಾದರೆ ಅಷ್ಟು ಹೊತ್ತಿಗೆ ಅದನ್ನು ಎಷ್ಟು ಮಕ್ಕಳು ಕುಡಿದಿರುತ್ತಾರೋ! ನಿಮಗೆ ಸಂದೇಶ ಕಳುಹಿಸಿದವರನ್ನು ಒಂದೇ ಪ್ರಶ್ನೆ ಕೇಳಿ. ಆ ಲೇಪನವನ್ನು, ಪರೀಕ್ಷೆಯಲ್ಲಿ ಹುಳಿ ಆಹಾರದ ಬದಲಿಗೆ ಬಳಸುವ 3% ಅಸಿಟಿಕ್ ಆಮ್ಲದಲ್ಲಿ, 60 ಡಿಗ್ರಿಯಲ್ಲಿ 10 ದಿನ ಇಟ್ಟಾಗ ಏನೇನು ಹೊರಬಂತು?

ಚಿಕ್ಕಪ್ಪ: ಕೇಳುತ್ತೇನೆ. ಆದರೆ ಸಂದೇಶವನ್ನು ಅಳಿಸುವುದಿಲ್ಲ. ಅನಿಲ ಉಳಿಯುತ್ತದೆ ಎಂದು ನಿನ್ನ ಭಾವನೂ ಒಪ್ಪಿದ್ದಾನೆ.

ನಾನು: ಅಳಿಸಬೇಡಿ. ‘ಇನ್ನು ವಿಷದ ಭಯವಿಲ್ಲ’ ಎಂಬ ಸಾಲೊಂದನ್ನು ತೆಗೆದು ಕಳುಹಿಸಿ.