ಮಾಡಿಟ್ಟ ಅಡುಗೆ ಮೂರು ಗಂಟೆ ಬಿಸಿಯಾಗಿರಬೇಕು, ಒಣಗಲೂಬಾರದು: ಯಾವ ಸಲಕರಣೆ ಸರಿ?

ಕೇಳಿದವರು:
ಸುಮಾರು 300 ಊಟದ ಕ್ಯಾಂಟೀನ್. ಅಡುಗೆ 11ಕ್ಕೆ ಮುಗಿಯುತ್ತೆ, ಬಡಿಸೋದು 12ರಿಂದ 2ರ ತನಕ. ಈಗಿರೋದು ನೀರು ತುಂಬುವ ಬೇನ್ ಮಾರಿ (ಬಿಸಿನೀರಿನ ತೊಟ್ಟಿಯಲ್ಲಿ ಪ್ಯಾನ್ ಕೂರಿಸಿ ಬಿಸಿ ಹಿಡಿದಿಡೋದು) ಒಂದು, ಫ್ಯಾನ್ ಇರುವ ಹಾಟ್ ಕ್ಯಾಬಿನೆಟ್ ಒಂದು. ಕ್ಯಾಬಿನೆಟ್ಟಿನಲ್ಲಿಟ್ಟ ಅನ್ನದ ಮೇಲ್ಪದರ ಗಟ್ಟಿಯಾಗುತ್ತೆ; ಮೀಟರ್ 80 ಡಿಗ್ರಿ ತೋರಿಸ್ತಿದ್ರೂ ಅನ್ನ ಉಗುರುಬೆಚ್ಚಗೆ. ಕರಿದದ್ದು ಅರ್ಧ ಗಂಟೆಗೆಲ್ಲ ಮೆತ್ತಗೆ. ಬೇನ್ ಮಾರಿಯ ಹೀಟರ್ ಪದೇ ಪದೇ ಹೋಗುತ್ತೆ. ಕಾಂಬಿ ಓವನ್ (ಹಬೆ, ಬಿಸಿಗಾಳಿ ಎರಡೂ ಇರೋ ಓವನ್) ತಗೊಂಡ್ರೆ ಎಲ್ಲಾ ಸರಿಹೋಗುತ್ತೆ ಅಂತಾರೆ. ಹೌದಾ? ತಿಳಿದವರು ಹೇಳಿ.

ಸಲಕರಣೆ ವಿನ್ಯಾಸದವರು:
ನಿಮ್ಮಲ್ಲಿ ಶಾಖ ಕಡಿಮೆಯಾಗಿಲ್ಲ, ಆವಿ ಕೈಗೆ ಸಿಗದೆ ಹೋಗ್ತಿದೆ. ತೇವ ಇರುವ ಆಹಾರದ ಮೇಲೆ ಒಣ ಬಿಸಿಗಾಳಿ ಬೀಸಿದ್ರೆ ಮೇಲಿನ ನೀರು ಆವಿಯಾಗುತ್ತೆ. ಅದಕ್ಕೆ ಬೇಕಾದ ಶಾಖದ ದೊಡ್ಡ ಪಾಲು ಹೋಗೋದು ಆಹಾರದ ಮೈಯಿಂದಲೇ. ಒಂದು ಕಿಲೋ ನೀರು ಆವಿಯಾಗೋಕೆ ಸುಮಾರು 2,300 ಕಿಲೋಜೂಲ್, ಅಂದ್ರೆ 0.64 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಸಾಮಾನ್ಯ ಕೋಣೆಯ ಗಾಳಿಯನ್ನೇ 80 ಡಿಗ್ರಿಗೆ ಕಾಯಿಸಿ ಜೋರಾಗಿ ಬೀಸಿದ್ರೆ, ಒದ್ದೆ ಮೈಯ ಉಷ್ಣತೆ ಲೆಕ್ಕದ ಪ್ರಕಾರ 35 ಡಿಗ್ರಿ ಆಸುಪಾಸಿಗೆ ಎಳೆಯಲ್ಪಡುತ್ತೆ. ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ ಆವಿ ಒಂದಿಷ್ಟು ಉಳಿಯೋದರಿಂದ ಅಷ್ಟು ಕೆಳಗೆ ಹೋಗಲ್ಲ, ಆದ್ರೆ ಬಾಗಿಲು ತೆಗೆದಾಗಲೆಲ್ಲ ಆ ಆವಿ ಹೊರಗೆ. ಅನ್ನ ಉಗುರುಬೆಚ್ಚಗಾಗೋದು ಇದರಿಂದ. ಮೇಲೆ ಪೂರ್ತಿ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಬಿಸಿ ಮತ್ತೆ ಏರುತ್ತೆ, ಆದ್ರೆ ಆಗ ಅದನ್ನ ಯಾರೂ ತಿನ್ನಲ್ಲ.

ಬಿಸಿ ಹಿಡಿದಿಡುವ ಯಂತ್ರಗಳಲ್ಲಿ ನಿಜವಾದ ಹೊಸತನ ಬಂದಿರೋದು ಇಲ್ಲಿಯೇ, ಹೀಟರಿನಲ್ಲಿ ಅಲ್ಲ. ಒಂದು ದಾರಿ: ಫ್ಯಾನನ್ನೇ ತೆಗೆದುಬಿಡೋದು. ಕ್ಯಾಬಿನೆಟ್ಟಿನ ಒಳಗೋಡೆಯ ಸುತ್ತ ಕಡಿಮೆ ವ್ಯಾಟಿನ ಹೀಟಿಂಗ್ ಕೇಬಲ್ ಸುತ್ತುತ್ತಾರೆ, ಎಲ್ಲ ಗೋಡೆಯಿಂದಲೂ ಮೆಲ್ಲಗೆ ಶಾಖ ಬರುತ್ತೆ, ಗಾಳಿ ಅಲುಗಾಡಲ್ಲ, ಒಳಗಿನ ತೇವ ಒಳಗೇ ಇರುತ್ತೆ. ಇನ್ನೊಂದು ದಾರಿ ಅಮೆರಿಕದ ವಿನ್‌ಸ್ಟನ್ ಶೆಲ್ಟನ್ ಅವರದು. ಕೋಳಿ ಕರಿಯೋಕೆ ಒಂದು ಪ್ರೆಶರ್ ಫ್ರೈಯರ್ (ಒತ್ತಡದಲ್ಲಿ ಕರಿಯುವ ಯಂತ್ರ) ಮಾಡಿದವರೂ ಅವರೇ. ಆ ಕೋಳಿಯನ್ನು ಕೆಡದಂತೆ ಇಡೋಕೆ 1980ರ ದಶಕದಲ್ಲಿ ಸಿವ್ಯಾಪ್ ಅನ್ನೋ ಕ್ಯಾಬಿನೆಟ್ ತಂದರು. ಅದರಲ್ಲಿ ತಳದ ನೀರಿಗೆ ಒಂದು ಹೀಟರ್, ಗಾಳಿಗೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ನಿಯಂತ್ರಣ. ನೀರಿನ ಉಷ್ಣತೆ ಆಹಾರದ ಉಷ್ಣತೆಯನ್ನು ತೀರ್ಮಾನಿಸುತ್ತೆ, ಗಾಳಿ ಅದಕ್ಕಿಂತ ಎಷ್ಟು ಹೆಚ್ಚು ಬಿಸಿ ಅನ್ನೋದು ಮೇಲ್ಮೈ ಎಷ್ಟು ಗರಿಯಾಗಿರಬೇಕು ಅನ್ನೋದನ್ನ. ಎರಡರ ಉಷ್ಣತೆಯನ್ನೂ ಹತ್ತಿರ ಹತ್ತಿರ ಇಟ್ರೆ ಆಹಾರ ಮೆತ್ತಗೆ, ತೇವವಾಗಿ ಉಳಿಯುತ್ತೆ.

ಹಾಗಾಗಿ ಅಂಗಡಿಯವರು ಕಿಲೋವ್ಯಾಟ್ ಹೇಳ್ತಾ ಹೋದ್ರೆ ನಿಲ್ಲಿಸಿ, ತೇವ ಹೇಗೆ ನಿಯಂತ್ರಿಸ್ತೀರಿ ಅಂತ ಕೇಳಿ. ತಳದಲ್ಲಿ ಸುಮ್ಮನೆ ಒಂದು ನೀರಿನ ತಟ್ಟೆ ಇದ್ದು ಅದಕ್ಕೆ ಸ್ವಂತ ಹೀಟರ್ ಇಲ್ಲದಿದ್ರೆ ಅದು ಅರ್ಧ ವ್ಯವಸ್ಥೆ ಅಷ್ಟೇ. ಕೊಳ್ಳುವ ಮುಂಚೆ ಖಾಲಿ ಕ್ಯಾಬಿನೆಟ್ಟಿನ ನಾಲ್ಕು ಮೂಲೆ ಮತ್ತು ನಡುವಿಗೆ ಪ್ರೋಬ್ (ಉಷ್ಣತೆ ಅಳೆಯುವ ಕಡ್ಡಿ) ಇಟ್ಟು ಒಂದು ಗಂಟೆ ಓಡಿಸಿ ನೋಡಿ. ಮೂಲೆಗೂ ನಡುವಿಗೂ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಬೇಡ. ಆಮೇಲೆ ಬಾಗಿಲು 30 ಸೆಕೆಂಡ್ ತೆರೆದಿಟ್ಟು ಮುಚ್ಚಿ, ಮತ್ತೆ ಸೆಟ್ ಮಾಡಿದ ಉಷ್ಣತೆಗೆ ಬರೋಕೆ ಎಷ್ಟು ಹೊತ್ತು ಬೇಕು ನೋಡಿ. ಬಾಗಿಲ ರಬ್ಬರಿಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಎಳೀರಿ. ಸಲೀಸಾಗಿ ಬಂದ್ರೆ ಆವಿಯೂ ಅಲ್ಲಿಂದಲೇ ಹೋಗುತ್ತೆ. ಬಿಜಾಗ್ರಿ ಕಡೆ ಮತ್ತು ಕೆಳ ಮೂಲೆ ಎರಡನ್ನೂ ನೋಡಬೇಕು, ಸಡಿಲ ಇರೋದು ಸಾಮಾನ್ಯವಾಗಿ ಅಲ್ಲೇ.

ಸರ್ವಿಸ್ ಕೆಲಸದವರು:
ಬೇನ್ ಮಾರಿ ಹೀಟರ್ ಬಗ್ಗೆ ಹೇಳ್ತೀನಿ ಸರ್. ಪದೇ ಪದೇ ಹೋಗ್ತಿದೆ ಅಂದ್ರೆ ಕಾರಣ ಎರಡರಲ್ಲಿ ಒಂದು: ಗಡಸು ನೀರಿನ ಬಿಳಿ ಪದರ, ಇಲ್ಲಾ ನೀರು ಕಮ್ಮಿಯಾಗಿ ಎಲಿಮೆಂಟ್ (ಹೀಟರಿನ ಕಾಯೋ ಕೊಳವೆ) ಬರಿದಾಗಿ ಕಾದಿದ್ದು. ಸುಣ್ಣದ ಪದರ ಶಾಖವನ್ನು ನೀರಿಗೆ ಬಿಡಲ್ಲ, ಒಳಗೆ ಕೊಳವೆ ಕೆಂಪಗೆ ಕಾದು ಸಣ್ಣ ಬಿರುಕು ಬಿಡುತ್ತೆ. ಕೊಳವೆಯೊಳಗೆ ತುಂಬಿರೋ ಮೆಗ್ನೀಷಿಯಂ ಆಕ್ಸೈಡ್ ಪುಡಿ ಆ ಬಿರುಕಿನಿಂದ ತೇವ ಹೀರುತ್ತೆ, ಕರೆಂಟ್ ಅರ್ತ್‌ಗೆ ಸೋರುತ್ತೆ, ಟ್ರಿಪ್ ಆಗುತ್ತೆ.

ಟ್ರಿಪ್ ಆಯ್ತು ಅಂದ ತಕ್ಷಣ ಎಲಿಮೆಂಟ್ ಎಸೀಬೇಡಿ. ವೈರ್ ಬಿಚ್ಚಿ 500 ವೋಲ್ಟ್ ಮೆಗ್ಗರ್‌ನಲ್ಲಿ (ಕರೆಂಟ್ ಸೋರಿಕೆ ತಡೆ ಅಳೆಯೋ ಮೀಟರ್) ಟರ್ಮಿನಲ್ಲಿಗೂ ಕವಚಕ್ಕೂ ನಡುವೆ ಅಳೀರಿ. 1 ಮೆಗಾಓಮ್‌ಗಿಂತ ಕೆಳಗಿದ್ದು ಕವಚದಲ್ಲಿ ಬಿರುಕು ಕಾಣದಿದ್ರೆ, ತುಂಬಾ ದಿನ ಸುಮ್ಮನಿದ್ದು ಬಾಯಿಯ ಸೀಲ್ ಕಡೆಯಿಂದ ತೇವ ಎಳೆದಿರಬಹುದು. 120 ಡಿಗ್ರಿ ಓವನ್‌ನಲ್ಲಿ ಕೆಲವು ಗಂಟೆ ಒಣಗಿಸಿ ಮತ್ತೆ ಅಳೀರಿ, ಏರಿದ್ರೆ ಬಳಸಬಹುದು. ಬಿರುಕು ಕಂಡ್ರೆ ಹೊಸದೇ ಗತಿ.

ಪದರ ತೆಗೆಯೋಕೆ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್, 60 ಡಿಗ್ರಿಗೆ ಕಾಯಿಸಿ ಆಫ್ ಮಾಡಿ, ಗುಳ್ಳೆ ನಿಲ್ಲೋ ತನಕ ಬಿಡಿ. ಒಂದು ಗಂಟೆ ಸಾಕು. ಕೆರೆದು ತೆಗೀಬೇಡಿ, ಕವಚ ಗೀರಿದ್ರೆ ಮುಂದಿನ ಪದರ ಅಲ್ಲೇ ಗಟ್ಟಿಯಾಗಿ ಹಿಡಿಯುತ್ತೆ. ಬ್ಲೀಚ್ ಜೊತೆ ಮಾತ್ರ ಸೇರಿಸಲೇಬೇಡಿ, ಕ್ಲೋರಿನ್ ಅನಿಲ ಬರುತ್ತೆ. ಬ್ಲೀಚ್, ಉಪ್ಪುನೀರು ತೊಟ್ಟಿಯಲ್ಲಿ ನಿಂತ್ರೆ ಸ್ಟೇನ್‌ಲೆಸ್ ಸ್ಟೀಲ್‌ಗೂ ಚುಕ್ಕಿ ಚುಕ್ಕಿ ತೂತು. ದಿನಾ ರಾತ್ರಿ ನೀರು ಖಾಲಿ ಮಾಡಿ ಒರೆಸಿಡಿ. ಹೊಸ ಎಲಿಮೆಂಟ್ ಹಾಕೋವಾಗ ಅದೇ ವ್ಯಾಟಿನದ್ದು ಆದ್ರೆ ಉದ್ದ ಜಾಸ್ತಿ ಇರೋದು ಕೇಳಿ. ಎಲಿಮೆಂಟಿನ ಮೇಲ್ಮೈಯಲ್ಲಿ ಚದರ ಸೆಂಟಿಮೀಟರಿಗೆ 5 ವ್ಯಾಟ್ ಆಸುಪಾಸು ಇದ್ರೆ ಗಡಸು ನೀರಲ್ಲೂ ಬಾಳುತ್ತೆ. ನೀರು ಕಮ್ಮಿಯಾದ್ರೆ ಕಟ್ ಆಗೋ ಫ್ಲೋಟ್ ಸ್ವಿಚ್ ಇಲ್ಲದಿದ್ರೆ ಅದನ್ನೂ ಹಾಕಿಸಿ.

ಇನ್ನೊಂದು. ಡಿಜಿಟಲ್ ಕಂಟ್ರೋಲರ್ ಇರೋ ಮೆಷಿನ್ ತಗೊಂಡ್ರೆ ಒಳಗೆ ಹೆಚ್ಚಾಗಿ ಸಾಲಿಡ್ ಸ್ಟೇಟ್ ರಿಲೇ (ಹೀಟರನ್ನು ಆನ್-ಆಫ್ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್) ಇರುತ್ತೆ. ಅದು ಕೆಟ್ಟಾಗ ಹೆಚ್ಚಾಗಿ ಆನ್ ಆಗಿಯೇ ಉಳ್ಕೊಳ್ಳುತ್ತೆ. ಕಂಟ್ರೋಲರ್ ಆಫ್ ಅಂತ ತೋರಿಸ್ತಾ ಇದ್ರೂ ಹೀಟರ್ ಓಡ್ತಾನೇ ಇರುತ್ತೆ. ಅದಕ್ಕೇ ಕೈಯಲ್ಲಿ ಒತ್ತಿ ರೀಸೆಟ್ ಮಾಡೋ ಹೈ-ಲಿಮಿಟ್ ಥರ್ಮೋಸ್ಟಾಟ್ (ಬಿಸಿ ಮಿತಿ ಮೀರಿದ್ರೆ ಕರೆಂಟ್ ಕಡಿಯೋದು) ಬೇರೆಯಾಗಿ ಇದೆಯಾ ನೋಡಿ. ಅದಿಲ್ಲದ ಮೆಷಿನ್ ಎಷ್ಟು ಚೆನ್ನಾಗಿ ಹೊಳೆದ್ರೂ ಮುಟ್ಟಬೇಡಿ.

ದೊಡ್ಡ ಅಡುಗೆಮನೆ ನಡೆಸುವವರು:
ಬೇನ್ ಮಾರಿ ಅಡುಗೆ ಕಾಯಿಸೋ ಯಂತ್ರ ಅಲ್ಲ, ಇದು ಮೊದಲು ಅಡುಗೆಯವರ ತಲೆಗೆ ಹೋಗಬೇಕು. ಆಹಾರ 75 ಡಿಗ್ರಿಗಿಂತ ಮೇಲಿರುವಾಗಲೇ ಅದರೊಳಗೆ ಹೋಗಬೇಕು. ತೊಟ್ಟಿಯ ನೀರು 85ರ ಹತ್ತಿರ ಇದ್ರೆ ಪ್ಯಾನ್ ಒಳಗಿನ ಗ್ರೇವಿ 65-70ರಲ್ಲಿ ನಿಲ್ಲುತ್ತೆ. 20 ಲೀಟರ್ ನೀರನ್ನು 25ರಿಂದ 85ಕ್ಕೆ ತರೋಕೆ 1.4 ಯೂನಿಟ್ ಬೇಕು, 2 ಕಿಲೋವ್ಯಾಟ್ ಹೀಟರ್ ಇದ್ರೆ 42 ನಿಮಿಷ, ಸೋರಿಕೆ ಸೇರಿ ಮುಕ್ಕಾಲು ಗಂಟೆ ದಾಟುತ್ತೆ. 11ಕ್ಕೆ ಅಡುಗೆ ಅಂದ್ರೆ 10ಕ್ಕೇ ಸ್ವಿಚ್ ಹಾಕಬೇಕು, ಇಲ್ಲಾ ಕಾದ ನೀರನ್ನೇ ತುಂಬಬೇಕು.

ಪ್ಯಾನಿನ ಆಳ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಪೂರ್ಣ ಅಳತೆಯ ಜಿಎನ್ (ಗ್ಯಾಸ್ಟ್ರೋನಾರ್ಮ್ ಅನ್ನೋ ನಿಗದಿತ ಅಳತೆಯ) ಪ್ಯಾನ್ 530 ಗುಣಿಸು 325 ಮಿಲಿಮೀಟರ್. ಆಳ 65, 100, 150, 200ರಲ್ಲಿ ಬರುತ್ತೆ. ದಪ್ಪ ಗ್ರೇವಿ, ಅನ್ನ ಇಂಥವಕ್ಕೆ 100ಕ್ಕಿಂತ ಆಳ ಬೇಡ. ಗಟ್ಟಿ ಪದಾರ್ಥದಲ್ಲಿ ಶಾಖ ಸಾಗೋ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತೆ, ಆಳ ಅರ್ಧ ಮಾಡಿದ್ರೆ ಸಮಯ ಕಾಲು ಭಾಗ. ತೆಳು ಸೂಪಿಗೆ ಈ ತಾಪತ್ರಯ ಇಲ್ಲ, ಅದು ತಾನೇ ಸುತ್ತಾಡಿ ಕಾಯುತ್ತೆ. ಮುಚ್ಚಳ ಹಾಕಿ, ಸೌಟಿಗೆ ಸಂದು ಕತ್ತರಿಸಿದ ಮುಚ್ಚಳವೇ ಸಿಗುತ್ತೆ. ಪ್ಯಾನ್ ಇಲ್ಲದ ಖಾಲಿ ಕಿಂಡಿಯನ್ನೂ ಮುಚ್ಚಿ, ಒಂದೇ ಒಂದು ತೆರೆದ ಕಿಂಡಿಯಿಂದ ಅರ್ಧ ಹಬೆ ಹೋಗಿಬಿಡುತ್ತೆ.

ಕರಿದದ್ದಕ್ಕೆ ಇದೆಲ್ಲ ತಿರುವುಮುರುವು. ಅಲ್ಲಿ ಆವಿ ಹೊರಹೋಗಲೇಬೇಕು. ಒಳಗಿನ ತೇವ ನಿಧಾನಕ್ಕೆ ಹೊರಪದರಕ್ಕೆ ಬರುತ್ತೆ, ಯಾವ ಯಂತ್ರವೂ ಅದನ್ನು ತಡೆಯಲ್ಲ, ಸ್ವಲ್ಪ ಮುಂದೂಡುತ್ತೆ ಅಷ್ಟೇ. ಒಣ ಗಾಳಿ, ವೆಂಟ್ ತೆರೆದು, ತಂತಿ ಜಾಲರಿಯ ಮೇಲೆ ಒಂದೇ ಪದರ, ಮುಚ್ಚಳ ಇಲ್ಲ. ಹೀಗಿಟ್ಟರೂ 15-20 ನಿಮಿಷ. ಅದಕ್ಕಿಂತ ಹೆಚ್ಚು ಬೇಕಂದ್ರೆ ಯಂತ್ರ ಹುಡುಕೋದು ಬಿಟ್ಟು ಸಣ್ಣ ಸಣ್ಣ ಸರದಿಯಲ್ಲಿ ಕರೀರಿ. ಬಡಿಸುವ ಮೇಜಿನ ಮೇಲೆ ಇನ್‌ಫ್ರಾರೆಡ್ ಪಟ್ಟಿ ಹೀಟರ್ ಇದ್ರೆ ಆಹಾರದಿಂದ 30-35 ಸೆಂಟಿಮೀಟರ್ ಎತ್ತರದಲ್ಲಿ. ಅದೇ ಹೀಟರಿನ ಕೆಳಗೆ ಗ್ರೇವಿ ಇಟ್ರೆ ಕೆನೆಗಟ್ಟಿ ಕಪ್ಪಾಗುತ್ತೆ.

ಆಹಾರ ಸುರಕ್ಷತೆ ನೋಡುವವರು:
ಮೇಲಿನ ಎಲ್ಲದಕ್ಕೂ ಒಂದು ಗಡಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ಬಡಿಸುವ ತನಕ 60 ಡಿಗ್ರಿಗಿಂತ ಮೇಲೆ ಇಡಬೇಕು ಅನ್ನುತ್ತದೆ. ಬ್ರಿಟನ್ನಿನ ನಿಯಮ 63, ಅಮೆರಿಕದ ಫುಡ್ ಕೋಡ್ 57. 65 ಅಂತ ಗುರಿ ಇಟ್ಟರೆ ಈ ಮೂರರಲ್ಲೂ ತಕರಾರಿಲ್ಲ. ಈ ಅಂಕಿ ಕ್ಯಾಬಿನೆಟ್ಟಿನ ಗಾಳಿಯದ್ದಲ್ಲ, ಆಹಾರದ್ದು. ಪ್ರೋಬನ್ನು ನಡುವಿಗೂ ಇಡಿ, ಮೇಲಿನ ಒಂದು ಸೆಂಟಿಮೀಟರಿಗೂ ಇಡಿ. ನಿಮ್ಮ ಅನ್ನದಲ್ಲಿ ಸೋಲುತ್ತಿರುವುದು ಮೇಲ್ಪದರ.

ಕಾಯಿಲೆ ತರುವ ಬ್ಯಾಕ್ಟೀರಿಯಾಗಳಲ್ಲಿ ಅನ್ನಕ್ಕೆ ಬ್ಯಾಸಿಲಸ್ ಸೀರಿಯಸ್, ಮಾಂಸದ ಗ್ರೇವಿಗೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಮುಖ್ಯ. ಎರಡರ ಬೀಜಾಣುಗಳೂ ಕುದಿಸಿದರೂ ಉಳಿಯುತ್ತವೆ. ಎರಡನೆಯದು 43-47 ಡಿಗ್ರಿಯಲ್ಲಿ ಹತ್ತು ನಿಮಿಷದ ಆಸುಪಾಸಿನಲ್ಲೇ ಇಮ್ಮಡಿಯಾಗುತ್ತದೆ, ಅಂದರೆ "ಬೆಚ್ಚಗಿದೆಯಲ್ಲ" ಅನ್ನುವ ಸ್ಥಿತಿಯೇ ಅದಕ್ಕೆ ಹಬ್ಬ. ಮೊದಲನೆಯದರ ವಾಂತಿ ಬರಿಸುವ ವಿಷ ಒಮ್ಮೆ ಹುಟ್ಟಿದರೆ ಮತ್ತೆ ಕುದಿಸಿದರೂ ನಾಶವಾಗದು. 60ರ ಕೆಳಗೆ ಇಳಿದು ಎಷ್ಟು ಹೊತ್ತಾಯಿತು ಗೊತ್ತಿಲ್ಲದಿದ್ದರೆ ಎಸೆಯಿರಿ. ಪ್ರೋಬನ್ನು ಪುಡಿ ಮಂಜುಗಡ್ಡೆ ಮತ್ತು ನೀರಿನಲ್ಲಿ ಆಗಾಗ ಪರೀಕ್ಷಿಸಿ, 0ಯಿಂದ 1 ಡಿಗ್ರಿಗಿಂತ ಆಚೀಚೆ ಇರಬಾರದು. ಕುದಿ ನೀರಿನಲ್ಲಿ ನೋಡುವುದಾದರೆ ಸಮುದ್ರಮಟ್ಟದಿಂದ ಪ್ರತಿ 300 ಮೀಟರಿಗೆ ಕುದಿಬಿಂದು ಸುಮಾರು 1 ಡಿಗ್ರಿ ಕೆಳಗಿರುತ್ತದೆ ಎಂಬುದು ನೆನಪಿರಲಿ.

ಸಲಕರಣೆ ವಿನ್ಯಾಸದವರು:
ಕಾಂಬಿ ಬಗ್ಗೆ ಕೇಳಿದ್ರಿ. 1976ರಲ್ಲಿ ಜರ್ಮನಿಯ ರ‍್ಯಾಷನಲ್ ಕಂಪನಿ ಹಬೆ ಮತ್ತು ಬಿಸಿಗಾಳಿ ಎರಡನ್ನೂ ಒಂದೇ ಪೆಟ್ಟಿಗೆಗೆ ತಂದಿದ್ದು ದೊಡ್ಡ ಕೆಲಸವೇ. ಆದ್ರೆ ಅದು ಬೇಯಿಸೋಕೆ, ಮತ್ತೆ ಬಿಸಿ ಮಾಡೋಕೆ. ಮೂರು ಗಂಟೆ ಅನ್ನ ಕಾಯ್ದಿಡೋಕೆ ಅದನ್ನ ನಿಲ್ಲಿಸಿಕೊಂಡ್ರೆ ಅಡುಗೆಮನೆಯ ಅತಿ ದುಬಾರಿ ಜಾಗವನ್ನು ಕಪಾಟು ಮಾಡಿದ ಹಾಗೆ. ಹಿಂದಿನ ದಿನ ಮಾಡಿ, ಬ್ಲಾಸ್ಟ್ ಚಿಲ್ಲರ್‌ನಲ್ಲಿ (ಆಹಾರವನ್ನು ಬೇಗ ತಣಿಸುವ ಯಂತ್ರ) 70ರಿಂದ 3 ಡಿಗ್ರಿಗೆ 90 ನಿಮಿಷದೊಳಗೆ ಇಳಿಸಿ, ಬಡಿಸುವ ಹೊತ್ತಿಗೆ ತಕ್ಕಂತೆ ಒಂದೊಂದೇ ಟ್ರೇ 120-130 ಡಿಗ್ರಿ, ಮಧ್ಯಮ ತೇವದಲ್ಲಿ ನಡುಭಾಗ 75 ಆಗೋ ತನಕ ಕಾಯಿಸೋದಾದ್ರೆ ಕಾಂಬಿ ಬೇಕೇ ಬೇಕು. ಆಗ ಕಾಯ್ದಿಡುವ ಸಮಸ್ಯೆಯೇ ಬಹುಪಾಲು ಇಲ್ಲವಾಗುತ್ತೆ. ನಿಮ್ಮದು ಆ ಪದ್ಧತಿ ಅಲ್ಲ.

ಮೈಕ್ರೋವೇವ್ ಅಂತೂ ಟ್ರೇಗಟ್ಟಲೆ ಆಹಾರಕ್ಕಲ್ಲ. ಪರ್ಸಿ ಸ್ಪೆನ್ಸರ್ ಅವರ ಶೋಧದಿಂದ 1947ರಲ್ಲಿ ಬಂದ ಮೊದಲ ರಾಡಾರೇಂಜ್ 340 ಕಿಲೋ ತೂಗ್ತಿತ್ತು. ಗಾತ್ರ ಕುಗ್ಗಿದ್ರೂ ಅಲೆಗಳು ಆಹಾರದೊಳಗೆ ಇಳಿಯೋದು ಅಂದಿಗೂ ಇಂದಿಗೂ ಕೆಲವೇ ಸೆಂಟಿಮೀಟರ್.

ಕೇಳಿದವರು:
ತುಂಬಾ ಉಪಕಾರ ಆಯ್ತು. ಹಾಗಾದ್ರೆ ಈಗಿನ ಫ್ಯಾನ್ ಕ್ಯಾಬಿನೆಟ್ ಮಾರಿಬಿಡೋದಾ?

ದೊಡ್ಡ ಅಡುಗೆಮನೆ ನಡೆಸುವವರು:
ಮಾರಬೇಡಿ, ಕರಿದದ್ದಕ್ಕೆ ಅದೇ ಸರಿ. ಅನ್ನ, ಗ್ರೇವಿಗೆ ಬೇರೆ ವ್ಯವಸ್ಥೆ ಮಾಡಿ. ಎರಡನ್ನೂ ಒಂದೇ ಕ್ಯಾಬಿನೆಟ್ಟಿಗೆ ತುರುಕಿದ್ರೆ ಎರಡೂ ಕೆಡುತ್ತೆ.

ಸಲಕರಣೆ ವಿನ್ಯಾಸದವರು:
ಹೊಸದು ಬರೋ ತನಕ ಅದರಲ್ಲೇ ಅನ್ನ ಇಡಬೇಕಾದ್ರೆ: ಪ್ಯಾನಿಗೆ ಬಿಗಿ ಮುಚ್ಚಳ ಹಾಕಿ, ವೆಂಟ್ ಮುಚ್ಚಿ, ಫ್ಯಾನಿನ ಗಾಳಿ ತಾಗೋ ಕಡೆ 65 ಮಿಲಿಮೀಟರ್ ಪ್ಯಾನಿನಲ್ಲಿ ಕುದಿಯೋ ನೀರು ಇಡಿ. ತಣ್ಣೀರು ಇಟ್ರೆ ಅದನ್ನ ಕಾಯಿಸೋದರಲ್ಲೇ ಹೀಟರಿನ ಶಕ್ತಿ ಹೋಗುತ್ತೆ. ತೇವ ಸಾಕೋ ಇಲ್ಲವೋ ನೋಡೋಕೆ ಮೀಟರ್ ಬೇಡ. ಎರಡು ಪ್ರೋಬ್ ತಗೊಂಡು ಒಂದರ ತುದಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಬಟ್ಟೆಯ ಬಾಲ ಬಿಸಿನೀರಿನ ಲೋಟದಲ್ಲಿ ಮುಳುಗಿರಲಿ. ಎರಡನ್ನೂ ಅಕ್ಕಪಕ್ಕ, ಗಾಳಿ ಆಡುವಲ್ಲಿ ಇಟ್ಟು ಹತ್ತು ನಿಮಿಷ ಬಿಟ್ಟು ಓದಿ. ಒಣ ಪ್ರೋಬ್ 80, ಒದ್ದೆಯದು 60 ಅಂತ ಬಂದ್ರೆ ಒಳಗೆ ತೇವಾಂಶ ಶೇ. 40ರ ಹತ್ತಿರ ಇದೆ, ತೆರೆದ ಅನ್ನದ ಮೈ ಕೂಡ 60ರ ಕೆಳಗೆ ಹೋಗಲ್ಲ. ನಿಮಗೆ ಬೇಕಾದ 65ಕ್ಕೆ ಒದ್ದೆ ಪ್ರೋಬ್ ಇನ್ನೂ ಐದು ಡಿಗ್ರಿ ಏರಬೇಕು. 45-50 ಅಂತ ಬಂದ್ರೆ ಇನ್ನೊಂದು ಪ್ಯಾನ್ ನೀರು ಇಡಿ. ಒದ್ದೆ ಪ್ರೋಬಿನ ಓದು ಇದ್ದಕ್ಕಿದ್ದ ಹಾಗೆ ಮೇಲೆ ಹಾರಿದ್ರೆ ಬಟ್ಟೆ ಒಣಗಿದೆ ಅಂತ ಅರ್ಥ, ಆ ಓದು ಲೆಕ್ಕಕ್ಕಿಲ್ಲ.

ಸರ್ವಿಸ್ ಕೆಲಸದವರು:
ಅದು ಮಾಡೋ ಮುಂಚೆ ಕಂಟ್ರೋಲರ್ ಎಲ್ಲಿದೆ ನೋಡ್ಕೊಳ್ಳಿ. ಒಣ ಗಾಳಿಗೆ ಅಂತ ಮಾಡಿದ ಕ್ಯಾಬಿನೆಟ್ಟುಗಳಲ್ಲಿ ವೈರಿಂಗ್ ಡಬ್ಬಿ ಮೇಲ್ಛಾವಣಿಯಲ್ಲೇ ಇದ್ದು ಸೀಲ್ ಇರಲ್ಲ, ಆವಿ ತಣ್ಣಗಾಗಿ ಟರ್ಮಿನಲ್ ಮೇಲೆ ತೊಟ್ಟಿಕ್ಕುತ್ತೆ. ಹಾಗಿದ್ರೆ ನೀರಿಡಬೇಡಿ, ಮುಚ್ಚಳದಲ್ಲೇ ಸುಧಾರಿಸಿ.