ಸಹಾಯ ಬೇಕು: ಸೋದರಮಾವನ ವಾಲ್ವ್ ಆಂಪ್ಲಿಫೈಯರ್ ಮತ್ತೆ ಹಾಡಬೇಕು

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಮಾಳಮಡ್ಡಿಯವನು, ಈ ಹವ್ಯಾಸಕ್ಕೆ ಹೊಸಬ. ಸೋದರಮಾವನವರ ಅಟ್ಟದಲ್ಲಿ ಮೂವತ್ತು ವರ್ಷ ಮಲಗಿದ್ದ ಆಂಪ್ಲಿಫೈಯರ್ ಈಗ ನನ್ನ ಮೇಜಿನ ಮೇಲಿದೆ. ಇದರ ವಾಲ್ವ್‌ಗಳು (ಗಾಜಿನ ಕೊಳವೆಗಳು): ಔಟ್‌ಪುಟ್ಟಿಗೆ ಎರಡು ಇಎಲ್84, ಒಂದು ಇಸಿಸಿ83, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆಗಿ ಇಝಡ್81. ಗಾಯಕ ಮಲ್ಲಿಕಾರ್ಜುನ ಮನ್ಸೂರರ ಗ್ರಾಮಫೋನ್ ತಟ್ಟೆಗಳನ್ನು ಮಾವ ಇದರಲ್ಲೇ ಕೇಳುತ್ತಿದ್ದರು. ಅವರಿಗೀಗ ಎಂಬತ್ತು, ಮತ್ತೊಮ್ಮೆ ಕೇಳಿಸಬೇಕೆಂಬ ಆಸೆ.

ನೇರವಾಗಿ ಕರೆಂಟ್ ಕೊಡಲಿಲ್ಲ. ಹಳೆಯ ಕೆಪಾಸಿಟರ್ ಶಾರ್ಟ್ ಆಗಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಅದಂತೂ ಮತ್ತೆ ಸಿಗುವುದು ಕಷ್ಟ. ಹೆಚ್ಚು ಕರೆಂಟ್ ಹರಿಯದಿರಲೆಂದು ಸರಣಿಯಲ್ಲಿ 100 ವಾಟಿನ ಹಳೆಯ ತಂತಿಬಲ್ಬ್ ಜೋಡಿಸಿ ಸ್ವಿಚ್ ಹಾಕಿದೆ. ಬಲ್ಬ್ ಒಮ್ಮೆ ಹೊಳೆದು ಮಂಕಾಯಿತು. ರೆಕ್ಟಿಫೈಯರ್ ಬಿಸಿಯಾಗುತ್ತಿದ್ದಂತೆ ಮತ್ತೆ ಪ್ರಖರವಾಗಿ ಉರಿಯತೊಡಗಿತು, ಅಂದರೆ ಎಲ್ಲೋ ಶಾರ್ಟ್ ಇರಬೇಕು. ತಕ್ಷಣ ಆರಿಸಿದೆ. 50+50 ಮೈಕ್ರೋಫ್ಯಾರಡ್‌ನ ಫಿಲ್ಟರ್ ಡಬ್ಬಿಯ (ಒಂದರಲ್ಲೇ ಎರಡು ಕೆಪಾಸಿಟರ್) ಮೇಲೆಯೇ ನನ್ನ ಅನುಮಾನ.

ಡಬ್ಬಿಯನ್ನು ಅಂದಕ್ಕಾಗಿ ಹಾಗೆಯೇ ಉಳಿಸಿ, ತಂತಿ ಬಿಡಿಸಿ, ಕೆಳಗೆ 47 ಮೈಕ್ರೋಫ್ಯಾರಡ್, 450 ವೋಲ್ಟಿನ ಎರಡು ಕೆಪಾಸಿಟರ್ ಕೂರಿಸಬಹುದೇ? ಇಝಡ್81ಗೆ 50 ಮೈಕ್ರೋಫ್ಯಾರಡ್ ಮೀರಬಾರದೆಂದು ಗೊತ್ತಿದೆ. ಇಎಲ್84ರ ಗ್ರಿಡ್ಡಿಗೆ (ಸಿಗ್ನಲ್ ಒಳಹೋಗುವ ತುದಿಗೆ) ಹೋಗುವ ಕಾಗದದ ಕೆಪಾಸಿಟರ್‌ಗಳನ್ನು ಅಳೆಯದೆಯೇ ಬದಲಿಸುವುದು ಲೇಸೇ? ಅವು ಸೋರಿ ಡಿಸಿ ವೋಲ್ಟೇಜ್ ದಾಟಿಸಿದರೆ ವಾಲ್ವ್ ಕೆಂಪಗೆ ಕಾಯುತ್ತದೆಂಬುದೇ ನನ್ನ ಭಯ. ಮುಟ್ಟುವ ಮುನ್ನ ರೆಸಿಸ್ಟರ್ ಮೂಲಕ ಚಾರ್ಜ್ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿಕೊಳ್ಳುತ್ತೇನೆ.

ಹುಬ್ಬಳ್ಳಿಯಲ್ಲಿ ಈ ಬಿಡಿಭಾಗಗಳು ಎಲ್ಲಿ ಸಿಗುತ್ತವೆ? ವಾಲ್ವ್ ಕೆಲಸ ಬಲ್ಲ ಹಿರಿಯರು ಯಾರಾದರೂ ಗದಗ, ಹಾವೇರಿಯಲ್ಲಿದ್ದರೂ ಸರಿ, ಪೆಟ್ಟಿಗೆ ಹೊತ್ತು ಅಲ್ಲಿಗೇ ಬರುತ್ತೇನೆ.